ಎರಡು ರಾಹುಕಾಲ, ಒಂದು ಸಮುದ್ರ

ನಮ್ಮ ಭಾವನ ಜೊತೆ ಗಾಂಧಿಬಜಾರಿಗೆ ಹೋಗಿ ಒಂದು ಕಟ್ಟು ಕೊತ್ತಂಬರಿ ತಂದರೂ ಅದೊಂದು ಕಥೆಯಾಗುತ್ತದೆ. ಅಂಥವರ ಜೊತೆ ನಾನು ವ್ಯಾನಿನಲ್ಲಿ ಥೈಲ್ಯಾಂಡ್ ಸುತ್ತಿ ಬಂದಿದ್ದೇನೆ. ನಮ್ಮ ಯಜಮಾನರು ಜಾಣರು, ಮಂಡಿನೋವು ಅಂತ ಮಲ್ಲೇಶ್ವರದಲ್ಲೇ ಉಳಿದುಕೊಂಡರು. ಹೋದದ್ದು ಭಾವ, ಅಕ್ಕ, ನಾನು. ಜೊತೆಗೆ ಅಲ್ಲಿಯವನೇ ಒಬ್ಬ ಡ್ರೈವರ್. ಉಳಿದದ್ದು ಹಾಗಿರಲಿ, ಕೊನೆಯ ದಿನದ್ದಷ್ಟೇ ಹೇಳುತ್ತೇನೆ.

ಅಕ್ಕನಿಗೆ ಇದ್ದದ್ದು ಒಂದೇ ಆಸೆ. ಸಮುದ್ರದಲ್ಲಿ ಕಾಲು ನೆನೆಸಬೇಕು. ಹಿಂದೆ ಕನ್ಯಾಕುಮಾರಿಗೆ ಹೋದಾಗಲೂ ಭಾವ ದೇವಸ್ಥಾನ ತೋರಿಸಿ ಬಸ್ ಹತ್ತಿಸಿದ್ದರು. ಇಲ್ಲೂ ಸಮುದ್ರ ಕಂಡಾಗಲೆಲ್ಲ "ಬರ್ತಾ ನೋಡೋಣ ಬಿಡೆ" ಅನ್ನುತ್ತಿದ್ದರು. ಈಗ ಬರ್ತಾ ಇದ್ದೆವು. ರಾತ್ರಿ ಬ್ಯಾಂಕಾಕಿನಿಂದ ವಿಮಾನ. ಇಳಿದುಕೊಂಡ ಹೋಟೆಲಿನ ಹಿಂದೆಯೇ ಸಮುದ್ರ. ಭಾವ ಹೇಳಿದ್ದು ಇಷ್ಟು: "ತಿಂಡಿ ಆದ ತಕ್ಷಣ ಸೀದಾ ಏರ್‌ಪೋರ್ಟು. ಸಮುದ್ರದಲ್ಲಿ ಏನಿದೆ? ನೀರು."

ಭಾವನ ಗಡಿಯಾರ

ಥೈಲ್ಯಾಂಡಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದೆ. ಭಾವ ಮಾತ್ರ ವಿಮಾನ ಇಳಿದಾಗಿನಿಂದ ತಮ್ಮ ವಾಚಿನ ಮುಳ್ಳು ಮುಟ್ಟಿರಲಿಲ್ಲ. ರಾಹುಕಾಲದಲ್ಲಿ ಹೊಸ್ತಿಲು ದಾಟುವವರಲ್ಲ ಅವರು. "ಪಂಚಾಂಗ ನಮ್ಮ ಬಸವನಗುಡಿದು. ರಾಹುಕಾಲಾನೂ ಅಲ್ಲೀದೇ. ಇವರ ಗಡಿಯಾರ ಕಟ್ಕೊಂಡು ನಂಗೇನಾಗ್ಬೇಕು?" ಅನ್ನುವುದು ಅವರ ವಾದ.

ಆವತ್ತೂ ಅವರ ವಾಚಿನಲ್ಲಿ ಒಂಬತ್ತಾಗುವ ಮೊದಲೇ ನಮ್ಮನ್ನು ತಿಂಡಿಗೆ ಕರೆದುಕೊಂಡು ಹೋದರು. ಊಟದ ಹಾಲ್‌ನಲ್ಲಿ ನೆಲ ಒರೆಸುತ್ತಿದ್ದರು. ಹೋಟೆಲಿನ ಹುಡುಗಿ ಕೈಮುಗಿದು ಗೋಡೆ ಗಡಿಯಾರ ತೋರಿಸಿದಳು, ಹತ್ತು ದಾಟಿ ತಿಂಡಿಯ ಹೊತ್ತು ಮುಗಿದಿತ್ತು. ಭಾವ ತಮ್ಮ ಮಣಿಕಟ್ಟು ತೋರಿಸಿದರು. ಇಬ್ಬರೂ ನಗುನಗುತ್ತಲೇ ಸ್ವಲ್ಪ ಹೊತ್ತು ಗಡಿಯಾರ ತೋರಿಸಿಕೊಂಡರು. ಹೊರಗೆ ಬಂದ ಮೇಲೆ ಭಾವ ಅಂದರು, "ಪಾಪ, ಈ ಜನಕ್ಕೆ ಟೈಮ್ ಸೆನ್ಸೇ ಇಲ್ಲ."

ವಾಸನೆ

ತಿಂಡಿ ತಪ್ಪಿತು ಅಂತ ಭಾವ ಅಳುಕಲಿಲ್ಲ. ಚಾಮರಾಜಪೇಟೆಯಿಂದ ತಂದ ದಿಢೀರ್ ಗೊಜ್ಜವಲಕ್ಕಿಯ ಕೊನೆಯ ಪೊಟ್ಟಣ ಇತ್ತು. ಲಾಬಿಯಲ್ಲೇ ಕೆಟಲ್ ಸಿಕ್ಕಿಸಿ, ಸ್ಟೀಲ್ ಡಬ್ಬಿಗೆ ಬಿಸಿನೀರು ಹೊಯ್ದು ಮುಚ್ಚಳ ಹಾಕಿದರು.

ಮುಚ್ಚಳ ತೆಗೆದಾಗ ಇಂಗಿನ ಘಮ ಎದ್ದಿತು ನೋಡಿ, ಪಕ್ಕದ ಸೋಫಾದಲ್ಲಿದ್ದ ಬಿಳಿಯ ದಂಪತಿ ಎದ್ದು ಹೋದರು. ಒಬ್ಬ ಕೆಲಸದವನು ಬಂದು ಏಸಿ ಪರೀಕ್ಷಿಸಿದ. ಇನ್ನೊಬ್ಬ ಕಿಟಕಿಗಳನ್ನೆಲ್ಲ ತೆಗೆದ. ಭಾವ ಎರಡನೇ ತುತ್ತು ಬಾಯಿಗಿಟ್ಟುಕೊಳ್ಳುತ್ತಾ ನನಗೆ ಹೇಳಿದರು, "ನೋಡ್ದ್ಯಾ? ಅವರಿಗೇ ತಡ್ಕೊಳ್ಳೋಕಾಗ್ತಿಲ್ಲ ಈ ದೇಶದ ವಾಸನೆ."

ಕನ್ನಡಿಯ ದೇವರು

ವ್ಯಾನಿನ ಮುಂದಿನ ಕನ್ನಡಿಗೆ ಡ್ರೈವರ್ ಒಂದು ಕಪ್ಪು ವಿಗ್ರಹ ನೇತುಹಾಕಿದ್ದ. ಗುಡ್ಡೆಗಣ್ಣು, ಕೋರೆಹಲ್ಲು, ಅಗಲಿಸಿದ ಬಾಯಿ. ಮೊದಲ ದಿನವೇ ಭಾವ "ಉಗ್ರನರಸಿಂಹ" ಎಂದು ತೀರ್ಮಾನಿಸಿದ್ದರು. ದಿನಾ ಹೊರಡುವ ಮುಂಚೆ ಅದಕ್ಕೊಂದು ಹೂವು, ಸ್ತೋತ್ರ, ನಮಸ್ಕಾರ. ಆಮೇಲೆ ಮುಂದಿನ ಸೀಟಿನಲ್ಲಿ ಅದರ ಎದುರೇ ಕೂತು, ವಾಚು ನೋಡಿ, "ರಾಹುಕಾಲ ಇಲ್ಲ, ಹೊರಡು" ಅಂತ ಡ್ರೈವರನಿಗೆ ಸನ್ನೆ. ಅವನಿಗೆ ನಮ್ಮ ಭಾಷೆ ಬಾರದು. ಹೂವಿಟ್ಟಾಗಲೆಲ್ಲ ಅವನೂ ಭಕ್ತಿಯಿಂದ ಕೈಮುಗಿಯುತ್ತಿದ್ದ. "ಸಂಸ್ಕಾರವಂತ" ಎಂದು ಭಾವ ಸರ್ಟಿಫಿಕೇಟ್ ಕೊಟ್ಟಿದ್ದರು.

ಅಕ್ಕನ ಪಂಚಾಂಗ

ಶುಕ್ರವಾರ. ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ಗೊಜ್ಜವಲಕ್ಕಿ ಮುಗಿದಾಗ ಭಾವನ ವಾಚಿನಲ್ಲಿ ಬರೀ ಒಂಬತ್ತು. "ಬೇಕಾದಷ್ಟು ಟೈಮಿದೆ, ಏಳಿ" ಎಂದರು. ಅಕ್ಕ ಏಳಲಿಲ್ಲ.

"ಇಲ್ಲಿ ಹತ್ತೂವರೆ ಆಯ್ತು. ರಾಹುಕಾಲ ಶುರುವಾಯ್ತು. ನಾ ಬರಲ್ಲ."

"ಅದು ಇಲ್ಲಿಯವರದು ಕಣೆ."

"ಇವತ್ತು ನಮಗೆ ಸೂರ್ಯ ಹುಟ್ಟಿದ್ದು ಎಲ್ಲಿ ರೀ? ಬಸವನಗುಡೀಲಾ?"

ಭಾವ ಎತ್ತಿಕೊಂಡಿದ್ದ ಬ್ಯಾಗು ಕೆಳಗಿಟ್ಟು ಕೂತರು. ರಾಹುವಿನ ವಿಷಯದಲ್ಲಿ ಯಾರು ರಿಸ್ಕ್ ತೆಗೆದುಕೊಳ್ಳುತ್ತಾರೆ? ಅಕ್ಕ ಸೋಫಾದಲ್ಲಿ ಕೈಕಟ್ಟಿಕೊಂಡು ಹನ್ನೆರಡರವರೆಗೆ ನಿಷ್ಠೆಯಿಂದ ಕೂತಳು. ಆಮೇಲೆ ಎದ್ದು ಕೇಳಿದಳು, "ಈಗ ನಿಮ್ಮ ವಾಚಲ್ಲಿ ಎಷ್ಟು?"

ಹತ್ತೂವರೆ. ಏಳಲು ಹೊರಟಿದ್ದ ಭಾವ ಮತ್ತೆ ಕುಸಿದು ಕೂತರು. ಅಕ್ಕ ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು.

"ಎಲ್ಲಿಗೇ? ರಾಹುಕಾಲದಲ್ಲಿ ಸಮುದ್ರಕ್ಕೆ ಇಳೀತಾರಾ?"

"ನಂದು ಮುಗೀತು. ಈಗ ನಡೀತಿರೋದು ನಿಮ್ಮದು. ಕೂತಿರಿ."

ನಾನೂ ಅವಳ ಹಿಂದೆಯೇ ಹೋದೆ. ಅಲೆ ಬಂದು ಪಾದ ತೊಳೆದಾಗಲೆಲ್ಲ ಅಕ್ಕ ಸದ್ದಿಲ್ಲದೆ ನಗುತ್ತಿದ್ದಳು. ನೋಡಿ ನನಗೆ ಖುಷಿಯೂ ಆಯಿತು, ಭಾವನ ಮೇಲೆ ಸಿಟ್ಟೂ ಬಂತು. ಇಷ್ಟಕ್ಕೆ ಇವಳು ಇಷ್ಟು ವರ್ಷ ಕಾಯಬೇಕಿತ್ತೇ?

ಒಂದೂವರೆಗೆ ವ್ಯಾನಿನ ಹತ್ತಿರ ಬಂದೆವು. ಭಾವ ಮುಖ ಗಂಟಿಕ್ಕಿಕೊಂಡೇ ವಿಗ್ರಹಕ್ಕೆ ಹೂವಿಟ್ಟು ಕಣ್ಣುಮುಚ್ಚಿದರು. ಕೊನೆಯ ದಿನವಲ್ಲವೇ, ಡ್ರೈವರನಿಗೆ ಹೃದಯ ತುಂಬಿ ಬಂದಿರಬೇಕು. ವಿಗ್ರಹವನ್ನು ಬಿಚ್ಚಿ ಭಾವನ ಕೈಗಿಟ್ಟ. ಆಕಾಶ ತೋರಿಸಿ, ಚಂದ್ರನನ್ನು ನುಂಗುವ ಅಭಿನಯ ಮಾಡಿ, ಹೆಮ್ಮೆಯಿಂದ ಹೇಳಿದ: "ರಾಹು. ಪ್ರಾ ರಾಹು." ಅವರ ಭಾಷೆಯಲ್ಲಿ ರಾಹುದೇವರು.

ಭಾವ ಅದನ್ನು ಎರಡೇ ಬೆರಳಲ್ಲಿ ದೂರ ಹಿಡಿದರು. ಇಟ್ಟುಕೊಳ್ಳುವ ಹಾಗಿಲ್ಲ, ಬಿಡುವ ಹಾಗೂ ಇಲ್ಲ. ಅಕ್ಕ ಅದನ್ನು ಮೆಲ್ಲಗೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಒದ್ದೆ ಸೀರೆಯಲ್ಲೇ ಮುಂದಿನ ಸೀಟು ಹತ್ತಿ ಕೂತು, ಹಿಂದೆ ತಿರುಗಿ ಹೇಳಿದಳು:

"ನೀವು ಹಿಂದೆ ಕೂತ್ಕೊಳ್ಳಿ. ಮದುವೆ ಆದಾಗಿಂದ ನನ್ನ ಕಡೆ ನಿಂತ ದೇವರು ಇವನೊಬ್ಬನೇ."