ಅಮೆರಿಕದ ಸರ್ಕಾರವನ್ನು ನಾನು ಪರಿಚಯಿಸಿದ ಬಗೆ

ಊಟದ ಮೇಜಿನಲ್ಲಿ ತಜ್ಞನಾಗುವುದು ಬಹಳ ಸುಲಭ. ಎದುರಿಗಿರುವವರ ಬಾಯಲ್ಲಿ ಅನ್ನವಿರುತ್ತದೆ, ಪ್ರಶ್ನೆ ಕೇಳಲಾರರು. ಒನ್-ನಾರ್ತ್‌ನಲ್ಲಿರುವ ನಮ್ಮ ಆಫೀಸಿನ ಕೆಳಗೊಂದು ಫುಡ್ ಕೋರ್ಟ್ ಇದೆ. ಅಲ್ಲಿ ಈ ಅನುಕೂಲವನ್ನು ನಾನು ವರ್ಷಗಳಿಂದ ಬಳಸಿಕೊಂಡು ಬಂದಿದ್ದೇನೆ. ಹೊಟ್ಟೆಪಾಡಿಗೆ ನಾನು ಸಾಫ್ಟ್‌ವೇರ್ ಪರೀಕ್ಷಿಸುವವನು, ಅಂದರೆ ಬೇರೆಯವರ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವನು. ಊಟಕ್ಕೆ ಕೂತರೆ ಮಾತ್ರ ಅಮೆರಿಕದ ಸಂವಿಧಾನ ಪಂಡಿತ. "ಇದನ್ನ ಸೆನೆಟ್ ಒಪ್ಪೋದಿಲ್ಲ, ನೋಡ್ತಾ ಇರಿ" ಎಂದು ಗಂಭೀರವಾಗಿ ಹೇಳಿ ಡಬ್ಬಿಯ ಮೊಸರನ್ನಕ್ಕೆ ಚಮಚ ಹಾಕುತ್ತಿದ್ದೆ. ಯಾಕೆ ಒಪ್ಪುವುದಿಲ್ಲ ಎಂದು ಯಾರೂ ಕೇಳಿದ್ದಿಲ್ಲ. ಕೇಳಿದ್ದರೆ ನನ್ನ ಪಾಂಡಿತ್ಯ ಅಂದೇ ಮುಗಿಯುತ್ತಿತ್ತು.

ಅಷ್ಟು ಜನರಲ್ಲಿ ನನ್ನ ಮಾತನ್ನು ನಿಜವಾಗಿ ಕೇಳಿಸಿಕೊಂಡವನು ಸಹೋದ್ಯೋಗಿ ಪ್ರದೀಪ್ ಒಬ್ಬನೇ. ಸೆರಂಗೂನ್‌ನ ತನ್ನ ಕಾಂಡೋ ಅಪಾರ್ಟ್‌ಮೆಂಟಿನಲ್ಲಿ ತಿಂಗಳಿಗೊಮ್ಮೆ, ಊರು ಬಿಟ್ಟು ಈ ದೇಶಕ್ಕೆ ಬಂದ ಕನ್ನಡದ ಮನೆಗಳನ್ನೆಲ್ಲ ಸೇರಿಸಿ ಯಾರಿಂದಲಾದರೂ ಮಾತನಾಡಿಸುವುದು ಅವನ ಹವ್ಯಾಸ. "ಸರ್, ಈ ಸಲ ನೀವೇ. ‘ಅಮೆರಿಕದ ಸರ್ಕಾರ: ಒಂದು ಪರಿಚಯ’. ಫಂಕ್ಷನ್ ರೂಮ್ ಬುಕ್ ಮಾಡಿ ಆಯ್ತು" ಎಂದ. ಆಗಲ್ಲ ಎನ್ನುವುದಕ್ಕೆ ಬಾಯಿ ತೆರೆದೆ. ಹೊರಬಿದ್ದದ್ದು "ಎಷ್ಟು ಹೊತ್ತು ಮಾತಾಡಬೇಕು" ಎಂಬ ಪ್ರಶ್ನೆ. ಹೊಗಳಿಕೆ ಸಿಗುವ ಜಾಗದಲ್ಲಿ ನನ್ನ ಬಾಯಿ ನನ್ನನ್ನು ಕೇಳದೆಯೇ ಕೆಲಸ ಮಾಡುತ್ತದೆ.

ಎರಡು ವಾರ ಪುಂಗೋಲ್‌ನ ಮನೆಯಿಂದ ಆಫೀಸಿನವರೆಗೆ ಎಂಆರ್‌ಟಿ ರೈಲಿನಲ್ಲಿ ವಿಡಿಯೋಗಳನ್ನು ಒಂದೂವರೆ ಪಟ್ಟು ವೇಗದಲ್ಲಿ ನೋಡಿದೆ. ತಲೆಗೆ ಹೋದದ್ದು ಅರ್ಧ ಪಟ್ಟು. ಮನೆಯಲ್ಲಿ ಹದಿಮೂರು ವರ್ಷದ ಮಗಳು ಸಿರಿಯನ್ನು ಕೂರಿಸಿಕೊಂಡು ಅಭ್ಯಾಸ ಮಾಡಿದೆ. ಅಧ್ಯಕ್ಷನನ್ನು ಆರಿಸುವ ಎಲೆಕ್ಟೋರಲ್ ಕಾಲೇಜಿನ ಹೊತ್ತಿಗೆ ಅವಳು ಇಲ್ಲಿನ ಶಾಲೆಮಕ್ಕಳ ಧಾಟಿಯಲ್ಲೇ ತಡೆದಳು. "ಅಪ್ಪಾ, ಅದು ರಿಯಲ್ ಕಾಲೇಜ್ ಅಲ್ಲ ಲಾ. ಅವರೆಲ್ಲ ಒಂದು ಕಡೆ ಮೀಟ್ ಕೂಡ ಆಗಲ್ಲ, ಅವರವರ ಸ್ಟೇಟ್‌ನಲ್ಲೇ ವೋಟ್ ಹಾಕ್ತಾರೆ." ನಾನು ನಕ್ಕು, "ನಿನಗೆ ಗೊತ್ತಿದ್ಯಾ ಅಂತ ಟೆಸ್ಟ್ ಮಾಡ್ದೆ" ಎಂದೆ. ಅದಕ್ಕೊಂದು ಕಟ್ಟಡ, ಕಾಂಪೌಂಡು, ಗೇಟಿನಲ್ಲಿ ವಾಚ್‌ಮನ್ ಎಲ್ಲ ಇರಬೇಕೆಂದು ಆ ಕ್ಷಣದವರೆಗೂ ನಂಬಿದ್ದೆ. ಹೆಂಡತಿ ವಿದ್ಯಾ ಅಡುಗೆಮನೆಯಿಂದ, "ಈಗಲೂ ಬೇಡ ಅನ್ನಬಹುದು" ಎಂದಳು. ಅವಳ ಮಾತನ್ನು ಕೇಳಬೇಕಿತ್ತು ಎಂದು ನನಗೆ ತಿಳಿಯುವುದು ಯಾವಾಗಲೂ ಎರಡು ದಿನ ತಡವಾಗಿ.

ಶನಿವಾರ ಸಂಜೆ ರೂಮು ತುಂಬಿತ್ತು. ಮುಂದಿನ ಸಾಲಿನಲ್ಲಿ ಏಸಿಯ ಚಳಿಗೆ ಶಾಲು ಹೊದ್ದು ಕೂತಿದ್ದವರು ಪ್ರದೀಪನ ತಾಯಿ ಶಾರದಾ ಆಂಟಿ. ಮಗನ ಮನೆಯಲ್ಲಿ ಮೂರು ತಿಂಗಳು ಇದ್ದು ಹೋಗಲು ಉಡುಪಿಯಿಂದ ಬಂದಿದ್ದರು. ರಾಜ್ಯಕ್ಕೆ ಇಬ್ಬರಂತೆ ಸೆನೆಟರ್‌ಗಳು, ಜನಸಂಖ್ಯೆಗೆ ತಕ್ಕಂತೆ ಕೆಳಮನೆ ಎಂದು ಹೇಳುವವರೆಗೂ ಎಲ್ಲ ಸಲೀಸಾಗಿತ್ತು. ಆಂಟಿ ಮೆಲ್ಲಗೆ ಕೈ ಎತ್ತಿದರು. "ಮಸೂದೆಗೆ ಅಧ್ಯಕ್ಷ ಸಹಿಯೂ ಹಾಕಲಿಲ್ಲ, ವಾಪಸ್ಸೂ ಕಳಿಸಲಿಲ್ಲ. ಆಗ ಏನಾಗ್ತದೆ?"

ಆ ಭಾಗದ ವಿಡಿಯೋ ನೋಡುವಾಗ ನನಗೆ ನಿದ್ದೆ ಬಂದಿತ್ತು. "ಅಲ್ಲಿಗೆ ಮುಗೀತು ಆಂಟಿ, ಮಸೂದೆ ಬಿದ್ದುಹೋಗುತ್ತೆ" ಎಂದೆ, ಸ್ವತಃ ಕೆಡವಿ ಬಂದವನಂತೆ.

"ಹಾಗಲ್ಲ ಅಂತ ಕಾಣ್ತದೆ ಮಾರಾಯ್ರೆ. ಭಾನುವಾರ ಬಿಟ್ಟು ಹತ್ತು ದಿನ ಕಳೆದ್ರೆ ಸಹಿ ಇಲ್ಲದೇನೇ ಕಾನೂನು ಆಗ್ತದೆ. ಅಷ್ಟರೊಳಗೆ ಸಂಸತ್ತಿನವರು ಅಧಿವೇಶನ ಮುಗಿಸಿ ಹೋಗಿದ್ರೆ ಮಾತ್ರ ಬೀಳೋದು." ತಪ್ಪು ತಮ್ಮದೇ ಎಂಬಂತೆ ಸೇರಿಸಿದರು: "ಮೂವತ್ತು ವರ್ಷ ಕಾಲೇಜಲ್ಲಿ ಇದನ್ನೇ ಪಾಠ ಮಾಡಿದ್ದು ನಾನು. ನೀವು ಮುಂದುವರಿಸಿ."

ಪ್ರದೀಪನನ್ನು ನೋಡಿದೆ. ಅವನು ಸಮೋಸಾ ತಟ್ಟೆಗಳನ್ನು ಎಣಿಸುತ್ತಿದ್ದ. ಮೂರನೆಯ ಸಾಲಿನಲ್ಲಿ ಸಿರಿ ನನ್ನನ್ನೇ ನೋಡುತ್ತಿದ್ದಳು. ‘ನಾನು ಹೇಳಿದ್ದೂ ಅದೇ’ ಎಂಬ ವಾಕ್ಯ ನಾಲಿಗೆಯ ತುದಿಗೆ ಬಂದಿತ್ತು. ಅವಳ ಮುಖ ನೋಡಿ ನುಂಗಿದೆ. "ನನಗೆ ಅದು ಗೊತ್ತಿರಲಿಲ್ಲ. ಆಂಟಿ, ದಯವಿಟ್ಟು ನೀವೇ ಹೇಳಿ" ಎಂದು ಮೈಕನ್ನು ಅವರ ಕೈಗೆ ಕೊಟ್ಟೆ. ಕಿವಿ ಬಿಸಿಯಾಗಿತ್ತು. ಸಿರಿ ಮಾತ್ರ ಬೆನ್ನು ನೆಟ್ಟಗೆ ಮಾಡಿ ಕೂತಳು.

ಆಮೇಲಿನ ಮುಕ್ಕಾಲು ಗಂಟೆ ಯಾರೂ ಫೋನ್ ನೋಡಲಿಲ್ಲ. ಅಧ್ಯಕ್ಷ ನ್ಯಾಯಾಧೀಶರ ಹೆಸರು ಸೂಚಿಸುವುದು, ಸೆನೆಟ್ ಒಪ್ಪುವುದು, ಹಾಗೆ ಬಂದ ನ್ಯಾಯಾಧೀಶರು ಅದೇ ಅಧ್ಯಕ್ಷನ ಆದೇಶವನ್ನು ತಳ್ಳಿಹಾಕುವುದು, ಎಲ್ಲವನ್ನೂ ಆಂಟಿ ಪಕ್ಕದ ಮನೆಯ ಸಮಾಚಾರದಂತೆ ಹೇಳಿದರು. ನಾನು ಲ್ಯಾಪ್‌ಟಾಪ್ ಹತ್ತಿರ ನಿಂತು, ಅವರು "ಮುಂದಿನದ್ದು ಹಾಕಿ" ಎಂದಾಗಲೆಲ್ಲ ಸ್ಲೈಡ್ ಬದಲಿಸಿದೆ. "ಇದರಲ್ಲಿ ಎರಡು ತಪ್ಪಿದೆ, ಅಡ್ಡಿಲ್ಲ" ಎಂದೂ ಒಮ್ಮೆ ಹೇಳಿದರು.

ಮರುದಿನ ಪ್ರದೀಪ್ ವಾಟ್ಸ್ಯಾಪ್ ಗುಂಪಿಗೆ ಒಂದು ಫೋಟೊ ಹಾಕಿದ. ನಾನು ಮೈಕ್ ಹಿಡಿದು ನಿಂತಿದ್ದೆ, ಆಂಟಿಯ ಶಾಲಿನ ಅಂಚು ಮಾತ್ರ ಕಾಣುತ್ತಿತ್ತು. ಬಾರದವರೆಲ್ಲ "ಅದ್ಭುತ ಉಪನ್ಯಾಸವಂತೆ ಸರ್" ಎಂದು ಬರೆದರು. ಸಿರಿ ಪಕ್ಕದಲ್ಲೇ ಇದ್ದಳು, ಹಾಗಾಗಿ ನಿಜ ಹೇಳಿದೆ: "ಮಾತನಾಡಿದ್ದು ಶಾರದಾ ಆಂಟಿ. ನಾನು ಸ್ಲೈಡ್ ಬದಲಿಸಿದ್ದು ಅಷ್ಟೇ." ಎರಡು ನಿಮಿಷದಲ್ಲಿ ಯಾರೋ ಉತ್ತರಿಸಿದರು: "ಎಷ್ಟು ವಿನಯ ಸರ್ ನಿಮ್ಮದು. ತಿಳಿದವರು ಹೀಗೇ."

ತಿದ್ದುಪಡಿ ಬರೆಯಲು ಫೋನ್ ಕೈಗೆತ್ತಿಕೊಂಡೆ. ಅದಕ್ಕೂ ಮೊದಲು ಆ ಮೆಸೇಜನ್ನು ವಿದ್ಯಾಗೆ ಓದಿ ಹೇಳಿದೆ. ಅವಳಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ ಓದಿದೆ. ತಿದ್ದುಪಡಿ ಇನ್ನೂ ಬರೆಯಬೇಕು.