ಗೇಟಿನಲ್ಲಿ ಎರಡು ಉಳ್ಳಾಗಡ್ಡಿ

ದೇವರು ನನಗೆ ಕೊಟ್ಟ ಅಂಗಾಂಗಗಳ ಪೈಕಿ ಮೂಗಿನ ಬಗ್ಗೆ ನನಗೆ ಯಾವತ್ತೂ ತಕರಾರಿರಲಿಲ್ಲ. ಉದ್ದವಾಗಿದೆ, ನೆಟ್ಟಗಿದೆ, ಕನ್ನಡಕವನ್ನು ನಿಯತ್ತಾಗಿ ಹೊತ್ತುಕೊಂಡಿದೆ. ಹೀಗಾಗಿ ಅದನ್ನು ನಂಬಿ ಒಂದಿಡೀ ಕಾರ್ಖಾನೆಯ ಶಿಸ್ತನ್ನು ನನಗೊಪ್ಪಿಸಿದಾಗ ನಾನು ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ.

ಎಂಬತ್ತರ ದಶಕದ ಮಾತು. ಮೈಸೂರು ಬಿಟ್ಟು ಸಯನ್‌ನಲ್ಲಿ ಮನೆ ಮಾಡಿ, ಭಾಂಡುಪ್‌ನ ಒಂದು ಪಾತ್ರೆ ಕಾರ್ಖಾನೆಯ ಆಫೀಸಿಗೆ ಸೇರಿ ನನಗಿನ್ನೂ ವರ್ಷ ತುಂಬಿರಲಿಲ್ಲ. ದೀಪಾವಳಿ ಬಂತೆಂದರೆ ಕೆಲವರು ಬೆಳಗ್ಗೆಯೇ ಏರಿಸಿಕೊಂಡು ಬಂದು ಪ್ರೆಸ್ ಮಷಿನ್ ಮುಂದೆ ನಿಲ್ಲುತ್ತಾರೆ, ಬೆರಳು ಹೋದರೆ ಯಾರು ಗತಿ ಎಂದು ಮ್ಯಾನೇಜರ್ ಸಾವಂತ್ ಸಾಹೇಬರಿಗೆ ಚಿಂತೆ. ಬಾಯಿಂದ ಊದಿಸಿ ನೋಡುವ ಯಂತ್ರಕ್ಕೆ ಹೇಳಿದ್ದರು. ಹಬ್ಬ ಬಂತು, ಯಂತ್ರ ಬರಲಿಲ್ಲ.

"ರಾವ್ ಸಾಬ್, ಇಡೀ ಆಫೀಸಿನಲ್ಲಿ ಕುಡಿಯದವರು ನೀವೊಬ್ಬರೇ. ಯಂತ್ರ ಬರುವ ತನಕ ಗೇಟಿನಲ್ಲಿ ನಿಂತು ಎಲ್ಲರ ಬಾಯಿ ಮೂಸಿ ನೋಡಿ," ಎಂದು ಹಿಂದಿಯಲ್ಲಿ ಆಜ್ಞೆಯಾಯಿತು.

ಕುಡಿಯದವನಿಗೆ ಕುಡಿತದ ವಾಸನೆ ಹೇಗೆ ಗೊತ್ತಿರಬೇಕು? ಈ ಸಣ್ಣ ಪ್ರಶ್ನೆ ಸಾಹೇಬರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಹೊಳೆದದ್ದು ನನ್ನ ಹೆಂಡತಿ ಲಲಿತೆಗೆ.

"ನೀವಾ? ಹಾಲು ಸೀದು ಮನೆಯೆಲ್ಲಾ ಹೊಗೆ ತುಂಬಿದ್ರೂ ಪೇಪರ್ ಓದ್ತಾ ಕೂತಿರ್ತೀರಲ್ರೀ!"

"ಅದು ಮನೆ ವಿಷಯ. ಇದು ಆಫೀಷಿಯಲ್," ಎಂದು ಗದರಿ ಲೋಕಲ್ ರೈಲು ಹಿಡಿದೆ.

ಗೇಟಿನಲ್ಲಿ ಮೊದಲು ಬಂದವನು 'ಹಾ' ಎಂದು ಬಾಯಿ ತೆರೆದ. ಆಹಾ! ಏಲಕ್ಕಿಯ ಘಮಘಮ. ನಮ್ಮ ಕಡೆ ದೇವರ ತೀರ್ಥಕ್ಕೆ ಏಲಕ್ಕಿ, ಪಚ್ಚಕರ್ಪೂರ ಹಾಕುತ್ತಾರೆ. ನನಗೆ ಮನೆಯ ದೇವರ ಕೋಣೆಯೇ ನೆನಪಾಯಿತು.

"ಪೂಜಾ ಹೋಗಯಾ?" ಎಂದೆ.

"ಹೋಗಯಾ ಸಾಬ್, ದೋ ಬಾರ್ ಹೋಗಯಾ!"

"ತೀರ್ಥ್ ಲಿಯಾ?"

"ಪೇಟ್ ಭರ್ ಕೇ ಲಿಯಾ ಸಾಬ್!" ಎಂದು ಅವನು ಕಣ್ಣರಳಿಸಿ ಕೈ ಮುಗಿದ. ಹೊಟ್ಟೆ ತುಂಬ ತೀರ್ಥ! ಎಂಥ ಭಕ್ತಿ! ಅವನ ಹಿಂದೆ ಬಂದ ಮೂರ್ನಾಲ್ಕು ಜನರ ಬಾಯಲ್ಲೂ ಅದೇ ಪರಿಮಳ. ಎಲ್ಲರನ್ನೂ ಗೌರವದಿಂದ ಪಾಸ್ ಮಾಡಿದೆ. ಅವರಲ್ಲೊಬ್ಬ ಖುಷಿಯಾಗಿ ನನ್ನ ಕೈಗೂ ಒಂದು ಹಿಡಿ ಏಲಕ್ಕಿ ಹಾಕಿದ. ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಮಧ್ಯಾಹ್ನದವರೆಗೂ ಒಂದೊಂದಾಗಿ ಜಗಿದೆ.

ಆಮೇಲೆ ಬಂದವನು ಯಲ್ಲಪ್ಪ. ವಿಜಾಪುರದ ಕಡೆಯವನು, ಧಾರಾವಿಯಲ್ಲಿ ವಾಸ. ಅವನು ಬಾಯಿ ತೆರೆದದ್ದೇ ತಡ, ಗಂವ್ ಎಂದು ಒಂದು ಘಾಟು ಬಡಿದು ನನ್ನ ಕಣ್ಣಲ್ಲಿ ಧಾರಾಕಾರ ನೀರು! ನಮ್ಮದು ಈರುಳ್ಳಿ ಬೆಳ್ಳುಳ್ಳಿ ಹೊಸಿಲು ದಾಟದ ಮನೆ. ಇಂಥ ವಾಸನೆ ಇಷ್ಟು ಹತ್ತಿರದಿಂದ ನಾನು ಕಂಡವನಲ್ಲ. ಇದೇ, ಇದೇ ಅದು ಎಂದು ತೀರ್ಮಾನಿಸಿದೆ.

"ಕುಡಿದಿದ್ದೀಯ!"

"ಇಲ್ರೀ ಸಾಹೇಬ್ರ, ದೇವರಾಣಿ! ಕುಡ್ಯೂದು ಬಿಟ್ಟು ವರ್ಷಾತ್ರಿ. ಮುಂಜಾನಿ ರೊಟ್ಟಿ ಜೋಡಿ ಎರಡು ಉಳ್ಳಾಗಡ್ಡಿ ಹೊಡದೀನ್ರಿ, ಅಷ್ಟ!"

ಸಿಕ್ಕಿಬಿದ್ದ ಕಳ್ಳ! ಎರಡು 'ಹೊಡೆದಿದ್ದಾನಂತೆ'. ಆದರೆ ಈ ಉಳ್ಳಾಗಡ್ಡಿ ಎಂದರೇನು? ಅಷ್ಟರಲ್ಲಿ ಸಾವಂತ್ ಸಾಹೇಬರು ಬಂದು "ಕ್ಯಾ ಬೋಲಾ?" ಎಂದರು. ಕನ್ನಡ ಬಲ್ಲ ಅಧಿಕಾರಿ ನಾನೊಬ್ಬನೇ. ಗೊತ್ತಿಲ್ಲ ಎನ್ನಲು ಮನಸ್ಸಾದರೂ ಹೇಗೆ ಬರಬೇಕು?

"ಸಾರ್, ಎರಡು ಉಳ್ಳಾಗಡ್ಡಿ ಹೊಡೆದಿದ್ದಾನಂತೆ. ಅವರ ಕಡೆಯ ನಾಡ ಸಾರಾಯಿ. ಯಾವುದೋ ಗಡ್ಡೆಯಿಂದ ಇಳಿಸ್ತಾರೆ. ಬಹಳ ಸ್ಟ್ರಾಂಗು!"

"ಎರಡು ಬಾಟ್ಲಿ ಕುಡಿದೂ ನೆಟ್ಟಗೆ ನಿಂತಿದ್ದಾನಲ್ಲ?"

"ಗಟ್ಟಿ ಆಳು ಸಾರ್."

ಯಲ್ಲಪ್ಪನನ್ನು ಸಸ್ಪೆಂಡ್ ಮಾಡಿದರು. ಅವನು ನನ್ನ ಕಾಲಿಗೇ ಬಿದ್ದ. "ಸಾಹೇಬ್ರ, ನನ್ನ ಹೇಣ್ತಿ ತವರಿಗೆ ಹೋದಾಕಿ, ಕುಡಿಯಂಗಿಲ್ಲಂತ ನಾ ಆಣಿ ಮಾಡಿದ ಮ್ಯಾಲ ತಿರುಗಿ ಬಂದಾಳ್ರಿ. ಕುಡದಾನಂತ ಹೊರಗ ಹಾಕಿದ್ರ ಇವತ್ತ ಗಂಟು ಕಟ್ಟತಾಳ್ರಿ!" ನಾನು ಧರ್ಮರಾಯನಂತೆ ಮುಖ ಮಾಡಿಕೊಂಡು, ಅದನ್ನೆಲ್ಲ ಮೊದಲೇ ಯೋಚಿಸಬೇಕಿತ್ತು ಎಂದುಬಿಟ್ಟೆ.

ಒಳಗೆ ಮಾತ್ರ ಏನೇನೋ ನಡೆಯತೊಡಗಿತ್ತು. ಬೆಳಗಿನ ಭಕ್ತರಲ್ಲೊಬ್ಬ ಪ್ರೆಸ್ ಮಷಿನ್‌ಗೆ ಸಾಷ್ಟಾಂಗ ಹಾಕಿದವನು ಏಳಲೇ ಇಲ್ಲ. ಇನ್ನೊಬ್ಬ ಅದಕ್ಕೆ ಆರತಿ ಹಾಡುತ್ತಿದ್ದ. ಸಾಹೇಬರು ಓಡಿ ಹೋಗಿ ಕರೆಂಟು ತೆಗೆಸಿ, "ಏನಿದು ರಾವ್?" ಎಂದರು. "ಭಕ್ತಿ ಸಾರ್," ಎಂದೆ. ನನಗೂ ಒಳಗೊಳಗೇ ಗಲಿಬಿಲಿ.

ಮಧ್ಯಾಹ್ನ ಯಲ್ಲಪ್ಪನ ಹೆಂಡತಿ ನೀಲವ್ವ ಬಂದಳು. ಒಂದು ಕೈಯಲ್ಲಿ ಬಟ್ಟೆಯ ಗಂಟು, ಇನ್ನೊಂದರಲ್ಲಿ ಗಂಡ.

"ಮೂಸಿ ನೋಡೋ ಸಾಹೇಬ್ರು ಯಾರ್ರೀ? ಖರೇ ಹೇಳ್ರಿ. ಇಂವ ಕುಡದಿದ್ರ ನಾ ಹಿಂಗ ಸ್ಟೇಷನ್‌ಕ್ಕ ಹೊಂಟೆ. ಕುಡದಿಲ್ಲಾಂದ್ರ ಒಳಗ ಕರಕೊಳ್ರಿ!"

"ಅವನೇ ಒಪ್ಪಿಕೊಂಡಿದ್ದಾನಮ್ಮ. ಎರಡು ಉಳ್ಳಾಗಡ್ಡಿ ಹೊಡೆದೆ ಅಂದ."

ನೀಲವ್ವ ಗಂಟು ಬಿಚ್ಚಿ, ದಾರಿಯ ಬುತ್ತಿಯಿಂದ ಒಂದು ಈರುಳ್ಳಿ ತೆಗೆದು ಮೇಜಿನ ಮೇಲಿಟ್ಟಳು.

"ಇದೇನ್ರಿ?"

"ಈರುಳ್ಳಿ."

"ನಮ್ಮ ಕಡೆ ಇದಕ್ಕ ಉಳ್ಳಾಗಡ್ಡಿ ಅಂತಾರ್ರಿ!"

ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅವಳ ಸಂಸಾರ ಮುರಿಯುವುದು, ನನ್ನ ಮಾನ ಉಳಿಯುವುದು, ಎರಡೂ ಆ ಈರುಳ್ಳಿಯ ಮೇಲೆ ನಿಂತಿದ್ದವು. ಸಾಹೇಬರನ್ನು ಕರೆದು, ಈರುಳ್ಳಿ ತೋರಿಸಿ ತಪ್ಪೊಪ್ಪಿಕೊಂಡೆ. "ಸಾರ್, ಅದು ಸಾರಾಯಿ ಅಲ್ಲ. ಕಾಂದಾ."

"ಕಾಂದಾ? ಎರಡು ಬಾಟ್ಲಿ ಕಾಂದಾ?" ಸಾಹೇಬರಿಗೆ ತಲೆ ತಿರುಗಿತು. ಆದರೂ ದೊಡ್ಡ ಮನುಷ್ಯರು, ಯಲ್ಲಪ್ಪನನ್ನು ಅಲ್ಲೇ ಒಳಗೆ ಕಳಿಸಿದರು. ನೀಲವ್ವನ ಕಣ್ಣು ತುಂಬಿ ಬಂತು. ನನಗೂ ನಿಜವಾಗಿ ನೆಮ್ಮದಿಯಾಯಿತು.

ಆದರೆ ನೀಲವ್ವ ಹೋಗಲಿಲ್ಲ. "ಕನ್ನಡ ಮಾತಾಡೋ ಮನಶ್ಯಾಗ ಉಳ್ಳಾಗಡ್ಡಿ ಗೊತ್ತಿಲ್ಲಂದ್ರ ಏನರ ಐತಿ. ಸಾಹೇಬ್ರ, ನೀವೊಮ್ಮಿ ಊದ್ರಿ ನೋಡೂಣು."

ಹುಟ್ಟಿದಾರಭ್ಯ ಕಾಫಿಗಿಂತ ಮುಂದೆ ಹೋಗದವನು ನಾನು. ಎದೆ ಉಬ್ಬಿಸಿ ಊದಿದೆ.

"ಯವ್ವಾ, ಯಾಲಕ್ಕಿ!" ಎಂದು ಅವಳು ಸೆರಗಿನಿಂದ ಮೂಗು ಮುಚ್ಚಿದಳು. "ನನ್ನ ಗಂಡ ಕುಡಿಯೂ ದಿನದಾಗ ವಾಸನಿ ಮುಚ್ಚಾಕ ಹಿಂಗ ಯಾಲಕ್ಕಿ ಜಗದ ಬರ್ತಿದ್ದ! ಪಾಪ, ಇವರ ಮನಿಯಾಕಿಗೆ ಯಾರರ ಹೇಳ್ರಿ."

"ಕ್ಯಾ ಬೋಲಿ?" ಎಂದರು ಸಾಹೇಬರು.

ಭಾಷಾಂತರ ಮಾಡಬೇಕಾದವನು ನಾನೇ! ತೊದಲುತ್ತಾ ಮಾಡಿದೆ. ಬೆಳಗಿನ ಭಕ್ತರ ಗುಟ್ಟು ನನಗೂ ಸಾಹೇಬರಿಗೂ ಒಟ್ಟಿಗೇ ಹೊಳೆಯಿತು. ಆದರೆ ಅವರನ್ನು ಕಂಪನಿಯ ಅಧಿಕೃತ ಮೂಗೇ ಪಾಸ್ ಮಾಡಿತ್ತಲ್ಲ! ಕ್ರಮ ಕೈಗೊಂಡರೆ ಯೂನಿಯನ್ ಬಿಡುತ್ತದೆಯೇ? ಅವರನ್ನು ಕ್ಯಾಂಟೀನ್ ಹಿಂದೆ ಮಲಗಿಸಿದರು.

ಆಮೇಲೆ ಸಾಹೇಬರು ಬೆಳಗಿನ ಘಾಟಿಗೆ ಕೆಂಪಾಗಿಯೇ ಇದ್ದ ನನ್ನ ಕಣ್ಣು ನೋಡಿದರು, ತೊದಲುವ ನಾಲಿಗೆ ನೋಡಿದರು. ಹೆಗಲ ಮೇಲೆ ಕೈಯಿಟ್ಟು, "ಹಬ್ಬದಲ್ಲಿ ಆಗುತ್ತೆ ರಾವ್ ಸಾಬ್. ಯಾರಿಗೂ ಹೇಳಲ್ಲ, ಮನೆಗೆ ಹೋಗಿ ಮಲಗಿ," ಎಂದರು.

ಹೀಗೆ ಆ ದೀಪಾವಳಿಯಲ್ಲಿ, ಕುಡಿದು ಬಂದಿದ್ದಾನೆಂದು ನಮ್ಮ ಕಾರ್ಖಾನೆಯವರು ಕೊನೆಗೂ ಮನೆಗೆ ಕಳಿಸಿದ್ದು ಒಬ್ಬನೇ ಒಬ್ಬನನ್ನು. ಕುಡಿಯದವನು ಎಂದು ಆರಿಸಿ ಗೇಟಿನಲ್ಲಿ ನಿಲ್ಲಿಸಿದ್ದವನನ್ನು!