ಜೇಜುರಿಯಲ್ಲಿ ಬಿಟ್ಟು ಬಂದ ಅತ್ತೆ

ನನ್ನ ಬದುಕಿನಲ್ಲಿ ಇಂಥವು ಒಂದಾದ ಮೇಲೊಂದು ಆಗುತ್ತಲೇ ಇರುತ್ತವೆ. ಕಚೇರಿಯ ಟಪಾಲನ್ನು ಫ್ರಿಜ್ಜಿನಲ್ಲಿಟ್ಟು, ಮೊಸರಿನ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಆಫೀಸಿಗೆ ಹೋದವಳು ನಾನು. ಟಪಾಲು ತಣ್ಣಗಿತ್ತು, ಸಾಹೇಬರು ಮಾತ್ರ ಬಿಸಿಯಾಗಿದ್ದರು. ಇವನ್ನೆಲ್ಲ ಹೇಳಿಕೊಂಡು ನಗುತ್ತಿದ್ದೆ. ನಗು ನಿಂತದ್ದು ಜೇಜುರಿಗೆ ಹೋಗಿ ಬಂದ ದಿನ.

೧. ಸಾಸವಡದ ಅಂಜೂರ

ಖಂಡೋಬಾ ನಮ್ಮ ಮನೆದೇವರು. ಯಜಮಾನರಿಗೆ ರಾಂಜಣಗಾಂವದ ಕಾರ್ಖಾನೆಯಲ್ಲಿ ಆ ದಿನ ಪಾಳಿ ಇತ್ತು. ಹಾಗಾಗಿ ಅತ್ತೆಯನ್ನು ಸ್ಕೂಟರಿನ ಹಿಂದೆ ಕೂಡಿಸಿಕೊಂಡು ನಮ್ಮ ಮನೆಯಿರುವ ಬಿಬವೇವಾಡಿಯಿಂದ ನಾನೇ ಜೇಜುರಿಗೆ ಹೊರಟೆ. ದರ್ಶನ ಚೆನ್ನಾಗಾಯಿತು. ಭಂಡಾರದ ಅರಿಷಿಣ ಮೈತುಂಬ ಬಿತ್ತು. ಗುಡ್ಡದ ಮೆಟ್ಟಿಲು ಇಳಿದು ಬಂದ ಮೇಲೆ ಅತ್ತೆ, "ನನ್ನ ಕಾಲು ಸೋತಾವ, ನೀ ಗಾಡಿ ತಗೊಂಬಾ, ಇಲ್ಲೇ ಮೆಟ್ಟಲಾ ಮ್ಯಾಲೆ ಕೂತಿರ್ತೀನಿ" ಅಂದರು.

ಗಾಡಿ ತೆಗೆದೆ. ತೆಗೆಯುವಾಗ, ಮನೆಯಲ್ಲಿ ಗ್ಯಾಸು ಆರಿಸಿದ್ದೆನೋ ಇಲ್ಲವೋ ಎಂಬ ಯೋಚನೆ ಬಂತು. ಅದರ ಬೆನ್ನಿಗೆ ಇನ್ನೊಂದು, ಮತ್ತೊಂದು. ದಾರಿಯುದ್ದಕ್ಕೂ ನಾನು ಮಾತಾಡುತ್ತಲೇ ಇದ್ದೆ. ಹಿಂದಿನಿಂದ ಹೂಂ ಇಲ್ಲ, ಹಾಂ ಇಲ್ಲ. ಪಾಪ, ದಣಿದಿದ್ದಾರೆ ಅಂದುಕೊಂಡೆ. ಸಾಸವಡದಲ್ಲಿ ಒಳ್ಳೆಯ ಅಂಜೂರ ಕಂಡವು. ಗಾಡಿ ನಿಲ್ಲಿಸಿ, "ಅತ್ಯಾರ, ಅಂಜೂರ ತಗೋಳೂಣೇನ್ರಿ?" ಎಂದು ತಿರುಗಿದೆ.

ಸೀಟು ಖಾಲಿ.

ಮೊದಲು ನನಗೆ ಹೊಳೆದದ್ದು ದಾರಿಯಲ್ಲಿ ಎಲ್ಲೋ ಬಿದ್ದುಹೋದರು ಎಂದೇ! ಅತ್ತೆಯ ಫೋನು, ಪರ್ಸು ಎರಡೂ ಗಾಡಿಯ ಡಿಕ್ಕಿಯಲ್ಲಿ. ರಸ್ತೆಯ ಎರಡೂ ಬದಿ ಕಣ್ಣಾಡಿಸುತ್ತ, ಗುಂಡಿ ಗುಂಡಿಯಲ್ಲಿ ಹುಡುಕುತ್ತ ಜೇಜುರಿಗೆ ವಾಪಸು ಹೋದೆ. ಒಂದೂವರೆ ತಾಸಾಗಿತ್ತು. ಅತ್ತೆ ಕೊನೆಯ ಮೆಟ್ಟಿಲ ಮೇಲೆ ಅರಿಷಿಣ ಬಳಿದುಕೊಂಡು ಕೂತಿದ್ದರು. ಸುತ್ತ ಹತ್ತು ಜನ. ಒಬ್ಬರು ಚಹಾ ಕುಡಿಸುತ್ತಿದ್ದರು, ಇನ್ನೊಬ್ಬರು ಸೆರಗಿನಿಂದ ಗಾಳಿ ಹಾಕುತ್ತಿದ್ದರು. ಕಲಬುರಗಿ ಕಡೆಯ ಯಾತ್ರಿಕರೊಬ್ಬರು ನನಗೆ ಕೇಳುವಂತೆಯೇ ಹೇಳಿದರು:

"ದೇವರ ಬಾಗಲದಾಗ ಅತ್ತೀನ್ನ ಬಿಟ್ಟು ಓಡಿಹೋಗೂ ಸೊಸಿ! ಕಾಲ ಕೆಟ್ಟೈತ್ರಿ."

ಅಂದಿನಿಂದ ಅತ್ತೆ ನನ್ನ ಜೊತೆ ಮಾತು ಬಿಟ್ಟರು. ನಾನು ಬೇಕೆಂದೇ ಬಿಟ್ಟು ಬಂದೆ ಎಂದು ಅವರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಹೇಳಲೇಬೇಕಾದ್ದನ್ನು ಅಡುಗೆಮನೆಯ ದೇವರ ಫೋಟೋಕ್ಕೆ ಹೇಳುತ್ತಿದ್ದರು: "ಖಂಡೋಬಾ, ಇಕೀಗೆ ಹೇಳಪಾ, ಹಾಲು ಉಕ್ಕಿ ಕಟ್ಟೀ ಮ್ಯಾಲೆ ಬಂದಾವ."

೨. ನೆನೆಸಿದ ಬಾದಾಮಿ

ಆಫೀಸಿನ ಗೆಳತಿಯ ಮಗನಿಗೆ ಎ.ಡಿ.ಎಚ್.ಡಿ. ಅಂತ ಆಗಷ್ಟೇ ಗೊತ್ತಾಗಿತ್ತು. ಗಮನ ಒಂದು ಕಡೆ ನಿಲ್ಲುವುದಿಲ್ಲ, ಇಟ್ಟದ್ದು ಮರೆಯುತ್ತದೆ, ಹಿಡಿದ ಕೆಲಸ ಅರ್ಧಕ್ಕೆ ನಿಲ್ಲುತ್ತದೆ ಎಂದು ಊಟದ ಹೊತ್ತಿನಲ್ಲಿ ಆಕೆ ಅವನ ಲಕ್ಷಣ ಹೇಳುತ್ತ ಹೋದಂತೆ ನನ್ನ ಕೈಯ ತುತ್ತು ಅಲ್ಲೇ ನಿಂತಿತು. ಆಕೆ ಮಗನ ಕಥೆ ಹೇಳುತ್ತಿದ್ದಾಳೋ, ನನ್ನದೋ?

ಓಣಿಯ ಡಾಕ್ಟರ ಹತ್ತಿರ ಓಡಿದೆ. ಇಪ್ಪತ್ತು ವರ್ಷದಿಂದ ನಮ್ಮ ಕೆಮ್ಮು, ಜ್ವರ ಎಲ್ಲ ಅವರ ಕೈಯಲ್ಲೇ ವಾಸಿಯಾದದ್ದು. ನಾನು ಹೇಳಿದ್ದನ್ನೆಲ್ಲ ಕೇಳಿ ಮರಾಠಿಯಲ್ಲಿ ಕೇಳಿದರು:

"ನಿಮ್ಮ ಓದು ಎಷ್ಟಾಗಿದೆ?"

"ಬಿ.ಎ."

"ಪಾಸಾ?"

"ಪಾಸು."

"ಹಾಗಾದರೆ ಅದು ನಿಮಗೆ ಬರಲು ಸಾಧ್ಯವಿಲ್ಲ. ಅದು ಸಣ್ಣ ಮಕ್ಕಳಿಗೆ ಬರುವಂಥದ್ದು, ಮೀಸೆ ಬರುವ ಹೊತ್ತಿಗೆ ಹೋಗುತ್ತದೆ."

ನನಗೆ ಮೀಸೆ ಬರುವ ಸಂಭವ ಕಡಿಮೆ ಎಂದು ಹೇಳೋಣವೆನಿಸಿತು, ಹೇಳಲಿಲ್ಲ. ದಿನಾ ರಾತ್ರಿ ಐದು ಬಾದಾಮಿ ನೆನೆಸಿಟ್ಟು ಬೆಳಿಗ್ಗೆ ತಿನ್ನಿ, ನೆನಪು ತಾನೇ ಬರುತ್ತದೆ ಎಂದು ಕಳಿಸಿದರು.

ದಿನಕ್ಕೊಂದು ಬಟ್ಟಲಲ್ಲಿ ನೆನೆಸುವುದನ್ನು ನಾನು ಒಂದು ದಿನವೂ ತಪ್ಪಿಸಲಿಲ್ಲ. ಹತ್ತನೆಯ ದಿನ ಅಡುಗೆಮನೆಯಿಂದ ಅತ್ತೆಯ ದನಿ ಕೇಳಿತು:

"ಖಂಡೋಬಾ, ಮನೀತುಂಬ ವಾಟಗಾದಾಗ ಬಾದಾಮಿ ನಾರಲಿಕ್ಕತ್ಯಾವ. ತಿನ್ನೋದು ಯಾವಾಗ ಅಂತ ಕೇಳು."

೩. ಸಣ್ಣ ಕುರ್ಚಿ

ಮುಂದೆ ಒಂದು ದೊಡ್ಡ ಆಸ್ಪತ್ರೆ. ಫೋನಿನಲ್ಲಿ ಕಾಯಿಲೆಯ ಹೆಸರು ಹೇಳಿದ ಕೂಡಲೇ, "ಬನ್ನಿ, ಮೂರನೇ ಮಾಳಿಗೆ" ಅಂದರು. ಇಷ್ಟು ಸುಲಭವಾ ಎಂದು ನನಗೇ ಆಶ್ಚರ್ಯ. ಹೋಗಿ ನೋಡಿದರೆ ಗೋಡೆಯ ತುಂಬ ಆನೆ, ಜಿರಾಫೆ. ಕೂರಲು ನನ್ನ ಮೊಣಕಾಲೆತ್ತರದ ಕೆಂಪು ಕುರ್ಚಿಗಳು.

"ಪೇಶಂಟ್ ಎಲ್ಲಿ?" ಎಂದು ನರ್ಸಮ್ಮ ನನ್ನ ಹಿಂದೆ ಮುಂದೆ ಹುಡುಕಿದರು.

"ನಾನೇ ಪೇಶಂಟ್."

ಆಕೆ ಪೆನ್ನು ಕೆಳಗಿಟ್ಟರು. ದೊಡ್ಡವರಿಗೆ ಬೇರೆ ಫಾರ್ಮು ಇದೆಯೇ ಎಂದು ಒಳಗೆ ಕೇಳಿ ಬಂದರು. ಇಲ್ಲವಂತೆ. ಇದ್ದದ್ದನ್ನೇ ತುಂಬಿ ಅಂದರು. ಶಾಲೆಯ ಹೆಸರು, ಇಯತ್ತೆ, ವರ್ಗಶಿಕ್ಷಕರ ಅಭಿಪ್ರಾಯ, ಪಾಲಕರ ಸಹಿ! ನಲವತ್ತೆರಡರ ಹೆಂಗಸು ಪಾಲಕರನ್ನು ಎಲ್ಲಿಂದ ತರಬೇಕು? ಮನೆಯಲ್ಲಿ ಹಿರಿಯರೆಂದರೆ ಅತ್ತೆ ಒಬ್ಬರೇ, ಅವರು ಸಹಿ ಮಾಡಲು ಖಂಡೋಬಾನ ಅಪ್ಪಣೆ ಬೇಕು. ಕೊನೆಗೆ ಡಾಕ್ಟರು ಹೊರಗೆ ಬಂದು, "ಹದಿನೆಂಟು ದಾಟಿದವರನ್ನು ನಾವು ನೋಡುವುದಿಲ್ಲ" ಎಂದು ಕೈ ಮುಗಿದರು. ದಾಟಿದವರನ್ನು ಯಾರು ನೋಡುತ್ತಾರೆ ಎಂದರೆ, ವಿಚಾರಿಸಿ ಹೇಳುತ್ತೇವೆ ಅಂದರು.

ನಾನು ದಂಗುಬಡಿದು ಆ ಕೆಂಪು ಕುರ್ಚಿಯಲ್ಲೇ ಕೂತೆ. ಕಣ್ಣಲ್ಲಿ ನೀರು ಬಂತು. ಪಕ್ಕದ ಕುರ್ಚಿಯ ಐದು ವರ್ಷದ ಪುಟ್ಟಿ ನನ್ನ ಕೈ ಮುಟ್ಟಿ ಮೆಲ್ಲಗೆ ಹೇಳಿದಳು:

"ಅಳಬೇಡ. ಇವರು ಸೂಜಿ ಚುಚ್ಚೋದಿಲ್ಲ."

೪. ಹೆಸರು ತೆಗೆಯುವ ನಿಯಮ

ಆಫೀಸಿನ ಗೆಳತಿಯೇ ಕೊನೆಗೆ ದೊಡ್ಡವರನ್ನು ನೋಡುವ ಮನೋವೈದ್ಯೆಯೊಬ್ಬರನ್ನು ಹುಡುಕಿ ಕೊಟ್ಟಳು. ಆರು ವಾರ ಕಾದ ಮೇಲೆ ಸಿಕ್ಕ ದಿನ. ನಾನು ಸರಿಯಾದ ವೇಳೆಗೆ, ಹೇಳಿದಂತೆ ಬುಧವಾರದಂದೇ, ಕೈಯಲ್ಲಿ ಫೈಲು ಹಿಡಿದು ಹೋದೆ. ಒಂದು ವಾರ ತಡವಾಗಿತ್ತು, ಅಷ್ಟೆ.

ಕೌಂಟರಿನ ಹೆಂಗಸು ತಣ್ಣಗೆ ಹೇಳಿದರು: "ಒಂದು ಸಲ ತಪ್ಪಿದೆ. ಇನ್ನೊಂದು ಸಲ ತಪ್ಪಿದರೆ ಹೆಸರು ತೆಗೆದುಹಾಕುತ್ತೇವೆ. ನಿಯಮ."

ನಾನು ಕೇಳಿದೆ: "ಅಲ್ಲರೀ, ಇಲ್ಲಿಗೆ ಬರುವವರ ತೊಂದರೆಯೇ ಮರೆಯುವುದಲ್ಲವೇ?"

"ಹೌದಲ್ಲ! ಯಾರೂ ಹೇಳಿದ ದಿನ ಬರೋದೇ ಇಲ್ಲ. ಅದಕ್ಕೇ ಈ ನಿಯಮ ಮಾಡಬೇಕಾಯಿತು."

ಮನೆಯಿಂದ, ದಿನಾ ನನ್ನನ್ನು ನೋಡುವ ಒಬ್ಬರನ್ನು ಕರೆತರಬೇಕು ಎಂಬುದು ಇನ್ನೊಂದು ನಿಯಮ. ಆ ರಾತ್ರಿ ಊಟಕ್ಕೆ ಕೂತಾಗ ಯಜಮಾನರ ಮುಂದೆ ಇಷ್ಟನ್ನೂ ಹೇಳಿಕೊಂಡೆ. ಬರುವ ಬುಧವಾರ ನಾಲ್ಕಕ್ಕೆ ಹೊಸ ವೇಳೆ ಎಂದೂ ಹೇಳಿದೆ. ಅತ್ತೆ ತಲೆಯೆತ್ತದೆ ಉಂಡರು. ನಾನು ಫೋನಿನಲ್ಲಿ ಮೂರು ಅಲಾರಂ ಇಟ್ಟೆ. ಬುಧವಾರ ಮೂರೂ ಹೊಡೆದುಕೊಂಡವು. ಮೂರನ್ನೂ ಆರಿಸಿ, ಕಪಾಟು ಜೋಡಿಸುತ್ತ ಕೂತೆ. ಆಗ ಅಡುಗೆಮನೆಯಲ್ಲಿ:

"ಖಂಡೋಬಾ, ಮೂರೂವರಿ ಆಗ್ಲಿಕ್ಕೆ ಬಂತು. ನಾ ಸೀರಿ ಉಟ್ಟು ತಯಾರಾಗೀನಿ. ಇಕಿ ಇನ್ನೂ ಸೀರಿ ಮಡಚಲಿಕ್ಕತ್ತಾಳ. ಮತ್ತೊಂದು ಮಾತು ಹೇಳು, ಸ್ಕೂಟರ್ ಮ್ಯಾಲೆ ಅಂತೂ ನಾ ಕೂಡಂಗಿಲ್ಲ."

೫. ಮಾಸ್ತರರ ಸಾಕ್ಷಿ

ರಿಕ್ಷಾದಲ್ಲಿ ಹೋದೆವು. ವೈದ್ಯೆ ಮುಕ್ಕಾಲು ತಾಸು ಕೇಳಿದರು, ಒಮ್ಮೆಯೂ ಗಡಿಯಾರ ನೋಡಲಿಲ್ಲ. ಇಷ್ಟು ಸುತ್ತಾಡಿದ ಮೇಲೆ ನನಗೆ ಅದೇ ದೊಡ್ಡ ಆಘಾತ. ಜೇಜುರಿಯ ಕಥೆಯನ್ನೂ ಹೇಳಿದೆ. ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದರು.

"ಇದು ಸಣ್ಣವರಿದ್ದಾಗಿನಿಂದ ಇತ್ತೋ ಇಲ್ಲವೋ ಎಂಬುದು ಮುಖ್ಯ. ಆಗಿನ ನಿಮ್ಮನ್ನು ಬಲ್ಲವರು ಯಾರಾದರೂ ಇದ್ದಾರೆಯೇ?" ಎಂದರು ವೈದ್ಯೆ.

ಅಪ್ಪ ಅವ್ವ ಇಬ್ಬರೂ ಇಲ್ಲ. ನನ್ನ ತವರೂರು ಇಂಡಿಯಲ್ಲಿ ನಾಲ್ಕನೆಯ ಇಯತ್ತೆಗೆ ಕಲಿಸಿದ ಮಾಸ್ತರರು ನೆನಪಾದರು. ಎಂಬತ್ತು ದಾಟಿದವರು. ಪುಣ್ಯಕ್ಕೆ ಅವರ ನಂಬರಿತ್ತು. ಫೋನು ಜೋರಾಗಿಟ್ಟು ಮೇಜಿನ ಮೇಲಿರಿಸಿದೆ. ನನ್ನ ತಂದೆಯ ಹೆಸರು ಹೇಳಿದ್ದೇ ತಡ, ಅತ್ತ ಕಡೆಯಿಂದ ನಗು.

"ಆಕೀನ? ಆಕೀನ್ನ ಹೆಂಗ ಮರೀಲಿ! ಪಾಟಿ ತಂದ್ರ ಚೀಲ ಇಲ್ಲ, ಚೀಲ ತಂದ್ರ ಪಾಟಿ ಇಲ್ಲ. ಬುದ್ಧಿ ಭಾಳ ಚುರುಕು, ಆದ್ರ ಕೂಸು ಒಂದು ಕಡೆ ಕೂಡಂಗಿಲ್ಲ. ಒಂದಿನ ಸಾಲಿ ಬಿಟ್ಟ ಮ್ಯಾಲೆ ತನ್ನ ತಮ್ಮನ್ನೇ ಬಿಟ್ಟು ಮನೀಗೆ ಹೋಗಿದ್ದಳ್ರಿ. ಪಾಪ, ಆ ತಮ್ಮ ಆಕೀ ಜೀವ ಇದ್ದಂಗ. ನಾನೇ ಸೈಕಲ್ ಮ್ಯಾಲೆ ಕೂಡಿಸಿಕೊಂಡು ಹೋಗಿ ಮುಟ್ಟಿಸಿದೆ. ಆಕಿ ಅವನ್ನ ಅಪ್ಪಿಕೊಂಡು ಅತ್ತದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂಗದ."

ನಾನು ಅದನ್ನೆಲ್ಲ ವೈದ್ಯೆಗೆ ಮರಾಠಿಯಲ್ಲಿ ಹೇಳಿದೆ. ಅತ್ತೆ ಕಿಟಕಿಯಿಂದ ಮುಖ ತಿರುಗಿಸಿದ್ದರು. ಅಲ್ಲಿ ಖಂಡೋಬಾನ ಫೋಟೋ ಇರಲಿಲ್ಲ. ಗೋಡೆಯ ಮೇಲೆ ಮನುಷ್ಯನ ಮೆದುಳಿನ ಚಿತ್ರವೊಂದಿತ್ತು. ಅತ್ತೆ ಆ ಚಿತ್ರವನ್ನೇ ಕೇಳಿದರು:

"ಅಂದ್ರ ಇಕಿ ಬೇಕಂತಲೇ ಮಾಡಿದ್ದಲ್ಲ?"

೬. ಚಹಾ, ಸ್ಟೂಲು

ದೊಡ್ಡವರಿಗೂ ಇದಿರುತ್ತದೆ, ಗುಳಿಗೆ ಇದೆ, ಜೊತೆಗೆ ಕಲಿಯಬೇಕಾದ ಕೆಲವು ರೂಢಿಗಳಿವೆ, ಹದಿನೈದು ದಿನಕ್ಕೆ ಮತ್ತೆ ಬನ್ನಿ ಎಂದರು ವೈದ್ಯೆ. ಅವರು ಬರೆದ ಚೀಟಿಯನ್ನು ನಾನು ಕೈಚಾಚುವ ಮೊದಲೇ ಅತ್ತೆ ಎತ್ತಿ ಚೀಲಕ್ಕೆ ಹಾಕಿಕೊಂಡರು. ನಾನು ಕೌಂಟರಿನಲ್ಲಿ ಮುಂದಿನ ದಿನ ಬರೆಸಿಕೊಂಡು ಹೊರಗೆ ಬಂದೆ. ಈ ಸಲ ಏನನ್ನೂ ಬಿಟ್ಟು ಹೋಗಬಾರದೆಂದು ಬೆರಳು ಮಡಚಿ ಎಣಿಸಿದೆ. ಫೈಲು, ಫೋನು, ಕನ್ನಡಕ, ಅತ್ತೆ.

ಅತ್ತೆ ಇಲ್ಲ!

ಮೇಲೆ ಓಡಿದೆ, ಕೆಳಗೆ ಓಡಿದೆ, ಮೋರಿಯೂ ಬಿಡದೆ ನೋಡಿದೆ. ಕೊನೆಗೆ ಗೇಟಿನ ವಾಚಮನ್, "ಆಜಿ ಔಷಧದ ಅಂಗಡಿಗೆ ಹೋಗಿ ಬಂದು ರಿಕ್ಷಾ ಹಿಡಿದು ಹೋದರಲ್ಲ" ಅಂದ. ಫೋನು ಹಚ್ಚಿದೆ.

"ಅತ್ಯಾರ! ಎಲ್ಲಿದ್ದೀರಿ?"

"ಮನೀ ಮುಟ್ಟೀನಿ. ನಿನ್ನ ಗುಳಗಿ ನನ್ನ ಹತ್ರನೇ ಅವ, ದಿನಾ ನಾನೇ ಕೊಡಾಕಿ. ನೀ ಎಷ್ಟೊತ್ತಾತು ನಿಂತು?"

ಮೂರು ತಿಂಗಳಾದ ಮೇಲೆ, ನಡುವೆ ದೇವರಿಲ್ಲದೆ, ನೇರವಾಗಿ ನನ್ನೊಂದಿಗೆ ಆಡಿದ ಮಾತು! ಅಳುವೂ ನಗುವೂ ಒಟ್ಟಿಗೇ ಬಂತು.

"ಅರ್ಧಾ ತಾಸಾತ್ರಿ."

"ನಾ ಒಂದೂವರಿ ತಾಸು ಕೂತಿದ್ದೆ. ಇನ್ನೊಂದು ತಾಸು ಅಲ್ಲೇ ಕೂಡು. ಯಾರರ ಚಾ ಕೊಟ್ರ ಕುಡಿ. ಆಮ್ಯಾಲೆ ಬಾ."

ಅಷ್ಟರಲ್ಲಿ ವಾಚಮನ್ ಸ್ಟೂಲು ತಂದಿಟ್ಟಿದ್ದ. ಔಷಧದ ಅಂಗಡಿಯವರು ಚಹಾ ಕಳಿಸಿದ್ದರು. ಸುತ್ತ ನಾಲ್ಕು ಜನ ಸೇರಿ, ಸೊಸೆಯನ್ನು ದವಾಖಾನೆಯಲ್ಲೇ ಬಿಟ್ಟುಹೋದ ಅತ್ತೆಯ ಬಗ್ಗೆ ಮರಾಠಿಯಲ್ಲಿ ಲೊಚಗುಟ್ಟುತ್ತಿದ್ದರು. ನಾನು ಸ್ಟೂಲಿನ ಮೇಲೆ ಕೂತು, ಸಂಕೋಚದಿಂದಲೇ ಕೇಳಿದೆ:

"ಅತ್ಯಾರ, ನೀವೂ ಮರತು ಹೋದ್ರೇನ್ರಿ?"

"ಮರೀಲಿಕ್ಕೆ ನನಗೇನು ನಿನ್ನ ರೋಗ ಅದ ಏನು? ಬೇಕಂತಲೇ ಬಿಟ್ಟು ಬಂದೀನಿ!"